ಬಿಳಿ ಬಟ್ಟೆ ಹಿಡಿದು ವ್ಯಾನು ನೋಡಿದ ದಿನ

೧೯೮೭ನೆಯ ಇಸವಿ, ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಆರು ಗಂಟೆ, ನಂಜನಗೂಡಿನ ಬಸ್ ನಿಲ್ದಾಣ. ಇದ್ದವರು ನಾನು, ನಮ್ಮ ಮನೆಯವರು ಮತ್ತು ತಾಂಡವಪುರದ ಒಬ್ಬ ಡ್ರೈವರು. ತಿ. ನರಸೀಪುರಕ್ಕೆ ಹೋಗಿ ಒಂದು ಹಳೆಯ ವ್ಯಾನು ನೋಡುವುದು, ಸರಿ ಇದ್ದರೆ ಅದರಲ್ಲೇ ವಾಪಸ್ಸು ಬರುವುದು ಅಂದಿನ ಕೆಲಸ. ನನ್ನ ಕೈಚೀಲದಲ್ಲಿ ಒಂದು ಟಾರ್ಚು, ಒಂದು ಪುಟ್ಟ ಕನ್ನಡಿ, ನಾಲ್ಕಾಗಿ ಮಡಿಸಿದ ಒಂದು ಬಿಳಿಯ ಖಾದಿ ಬಟ್ಟೆ ಇದ್ದವು.

ವ್ಯಾನು ನನ್ನ ಗೆಳತಿಯದು. ಅವಳು ಹೊಸದನ್ನು ಕೊಂಡಿದ್ದಳು, ಆದ್ದರಿಂದ ಹಳೆಯದನ್ನು ಮಾರುತ್ತಿದ್ದಳು. ಈ ಮಾತನ್ನು ಆ ವಾರವೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದ್ದೆ. ಹೇಗೆ ಹೇಳಿದರೂ ಹಲಸಿನ ಮೇಣದ ಹಾಗೆ ಅಂಟಿಕೊಳ್ಳುತ್ತಿತ್ತು.

ನಾನು ನಂಜನಗೂಡಿನಲ್ಲಿ ಒಂದು ಶಿಶುವಿಹಾರ ನಡೆಸುತ್ತಿದ್ದೆ. ಹೆಂಚಿನ ಮನೆ, ಮುಂದೆ ಬೇವಿನ ಮರ, ಒಬ್ಬಳು ಆಯಾ. ಹತ್ತು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಊರಲ್ಲಿ ಹೊಸ ಶಾಲೆಯೊಂದು ತೆರೆದು ವ್ಯಾನು ಇಟ್ಟಿತು. ತಾಂಡವಪುರದ ಕಡೆಯ ಮಕ್ಕಳು ಒಬ್ಬೊಬ್ಬರಾಗಿ ಅತ್ತ ಹೊರಟರು. ತಗಡೂರಿನ ತಾಯಿಯೊಬ್ಬಳು ನೇರವಾಗಿಯೇ ಹೇಳಿದಳು: "ನಿಮ್ಮಂಗೆ ಯಾರೂ ಯೋಳ್ಕೊಡಾಕಿಲ್ಲ ಮೇಡಮ್ಮೋರೆ. ಆದ್ರೆ ಮಗೀನ ದಿನಾ ಬಸ್ಸಲ್ಲಿ ಯಾರು ಕರ್ಕಬತ್ತಾರೆ? ಜೂನ್‌ಗೆ ವ್ಯಾನ್ ಬಂದ್ರೆ ನಿಮ್ಮಲ್ಲೇ. ಇಲ್ದಿದ್ರೆ ಇಲ್ಲ." ಅದೊಂದೇ ಮಾತಿನಲ್ಲಿ ಎಲ್ಲ ಇತ್ತು. ಶಾಲೆ ತೆರೆಯುವ ದಿನ ಬಾಗಿಲಲ್ಲಿ ವ್ಯಾನು ನಿಲ್ಲಬೇಕು. ನಿಂತ ವ್ಯಾನು ವರ್ಷಪೂರ್ತಿ ಓಡಬೇಕು. ಇಲ್ಲದಿದ್ದರೆ ಶಿಶುವಿಹಾರ ಮುಚ್ಚಬೇಕು.

ಹೊಸ ವ್ಯಾನು ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಳೆಯದನ್ನು ನೋಡುತ್ತ ಮೈಸೂರಿಗೆ ಮೂರು ಸಲ ಹೋಗಿ ಬಂದಿದ್ದೆವು. ಮೊದಲನೆಯ ವ್ಯಾನು ನಾವು ಹೋದ ಕೂಡಲೇ ಸೊಗಸಾಗಿ ಸ್ಟಾರ್ಟ್ ಆಯಿತು. ಡ್ರೈವರು ಎಂಜಿನ್ನಿನ ಮುಚ್ಚಳದ ಮೇಲೆ ಕೈ ಇಟ್ಟು ನನ್ನ ಮುಖ ನೋಡಿದ. ಬಿಸಿಯಾಗಿತ್ತು. ಬೆಳಿಗ್ಗೆಯಿಂದ ಎಷ್ಟು ಜನ ತಳ್ಳಿ ಸ್ಟಾರ್ಟ್ ಮಾಡಿದ್ದರೋ. ಅಂದಿನಿಂದ, ಹೇಳಿದ ಹೊತ್ತಿಗಿಂತ ಮೊದಲೇ ಹೋಗುವುದು ನನ್ನ ನಿಯಮವಾಯಿತು. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಎರಡನೆಯದರ ಚಾಸಿಯ ಮೇಲಿನ ಅಂಕಿಗೂ ಆರ್.ಸಿ. ಪುಸ್ತಕದ ಅಂಕಿಗೂ ತಾಳೆಯಾಗಲಿಲ್ಲ. ಮಾರುವವನು "ಅದು ಬರೆಯೋರ ತಪ್ಪು" ಎಂದು ನಗಾಡಿದ. ಮೂರನೆಯದರ ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ನನಗೆ ಒಪ್ಪಿಗೆಯಾಗಿತ್ತು. ಡ್ರೈವರು ಕೆಳಗೆ ನುಸುಳಿ ಎದ್ದು ಬಂದು, "ಗೇರ್ ಬಾಕ್ಸ್‌ಗೆ ಬಾಳೆಹಣ್ಣು ಕಿವುಚಿ ತುಂಬವ್ರೆ ಅಮ್ಮಾವ್ರೇ. ಒಂದ್ ವಾರ ಸದ್ದು ಬರಾಕಿಲ್ಲ, ಆಮೇಲೆ ಊರೆಲ್ಲಾ ಕೇಳ್ತದೆ" ಎಂದ. ನಮ್ಮ ಮನೆಯವರಿಗೆ ಸಿಟ್ಟು ಬಂತು. "ನಂಜನಗೂಡಿನವರಿಗೇ ಬಾಳೆಹಣ್ಣು ತಿನ್ನಿಸೋಕೆ ಬಂದಿದ್ದೀರೇನ್ರೀ?" ಎಂದು ಕೇಳಿ ಛತ್ರಿ ಎತ್ತಿಕೊಂಡು ಹೊರಟೇಬಿಟ್ಟರು.

ಆಗ ಸುದ್ದಿ ಬಂದದ್ದು, ಗೆಳತಿ ತನ್ನ ಮೆಟಡಾರ್ ವ್ಯಾನು ಮಾರುತ್ತಿದ್ದಾಳೆ ಎಂದು.

ಅವಳ ವಿಷಯ ಹೇಳಬೇಕು. ಎಪ್ಪತ್ತೊಂದನೆಯ ಇಸವಿಯಲ್ಲಿ ಬದನವಾಳಿನ ಹತ್ತಿರದ ಒಂದು ತರಬೇತಿ ನಿಲಯದಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಮಕ್ಕಳಿಗೆ ಪಾಠ ಹೇಳುವುದು, ನೂಲುವುದು, ಅಡಿಗೆ, ತೋಟ, ಎಲ್ಲವನ್ನೂ ಕಲಿಸುತ್ತಿದ್ದರು. ನಸುಕಿಗೆ ಗಂಟೆ, ಪ್ರಾರ್ಥನೆ, ಕಸಗುಡಿಸುವುದು, ಆಮೇಲೆ ತಪಾಸಣೆ. ಮೇಲ್ವಿಚಾರಕಿಯನ್ನು ನಾವೆಲ್ಲ ಅಕ್ಕಾವರು ಎನ್ನುತ್ತಿದ್ದೆವು. ಗಿಡ್ಡ ಆಳು, ಖಡಕ್ ಮಾತು. ಕೈಯಲ್ಲಿ ಒಂದು ಬಿಳಿಯ ಬಟ್ಟೆ ಹಿಡಿದು ಬರುತ್ತಿದ್ದರು. ಕಿಟಕಿಯ ಅಂಚು, ಟ್ರಂಕಿನ ತಳ, ಬಕೆಟ್ಟಿನ ಒಳಬಾಯಿ, ಲಾಟೀನಿನ ಕತ್ತು, ಎಲ್ಲೆಲ್ಲೂ ಬಟ್ಟೆ ಆಡಿಸುವರು. ಬಟ್ಟೆ ಕಪ್ಪಾದರೆ ಆ ದಿನ ಒಂದು ಲಡಿ ನೂಲು ಹೆಚ್ಚಿಗೆ ನೂಲಬೇಕು. ಆ ಶಿಸ್ತು ನನ್ನ ಮೈಗೆ ಹತ್ತಿತು. ಇಂದು ಎಪ್ಪತ್ತು ದಾಟಿದ ಮೇಲೂ ನಾನು ಎದ್ದ ಕೂಡಲೇ ಹಾಸಿಗೆಯ ನಾಲ್ಕು ಮೂಲೆ ಸರಿಮಾಡದೆ ನೆಲಕ್ಕೆ ಕಾಲಿಡುವುದಿಲ್ಲ.

ಗೆಳತಿಯ ಮೈಗೆ ಅದು ಹತ್ತಲೇ ಇಲ್ಲ. ಗದ್ದೆ ತೋಟ ಇದ್ದ ದೊಡ್ಡ ಮನೆತನದವಳು. ಬಟ್ಟೆ ಎಲ್ಲೆಲ್ಲಿ ಆಡುತ್ತದೋ ಅಷ್ಟನ್ನೇ ಒರೆಸಿ, ಮಿಕ್ಕದ್ದನ್ನು ಬಿಟ್ಟು, ಬೆಳಗಾಗುವವರೆಗೆ ಮಲಗುತ್ತಿದ್ದಳು. ಅಕ್ಕಾವರಿಗೆ ಎಟುಕದ ಜಾಗ ಒಂದೇ ಒಂದು, ಬಾಗಿಲ ಚೌಕಟ್ಟಿನ ಮೇಲ್ಭಾಗ. ಅವಳ ಹುಣಸೆಹಣ್ಣಿನ ಉಂಡೆ, ಬೆಲ್ಲ, ಉಪ್ಪಿನ ಪೊಟ್ಟಣ ಎಲ್ಲ ಅಲ್ಲಿ. ನಮ್ಮ ಬಕೆಟ್ಟು ತೂತಾದಾಗ ಹತ್ತಿಗೆ ಬಾರ್ ಸೋಪು ಹಚ್ಚಿ ಒತ್ತಿ, ವರ್ಷವೆಲ್ಲ ಅದರಲ್ಲೇ ನೀರು ತಂದವಳು ಅವಳು. ರಿಪೇರಿಗೆ ಕೊಡೋಣ ಎಂದರೆ, "ಓಗ್ಲಿ ಬಿಡಮ್ಮಿ, ಸೋಪ್ ಕರಗೋ ವರ್ಗೂ ಬದುಕ್ಕಂಡಿರ್ಲಿ" ಎನ್ನುವಳು.

ನಾನು ಒಂದು ದಿನವೂ ಅಕ್ಕಾವರ ಮುಂದೆ ಅವಳ ಹೆಸರು ಹೇಳಲಿಲ್ಲ. ಕೋಣೆಯಲ್ಲಿ ಅವಳ ಪಾಲಿನ ಅರ್ಧ ಕೆಲಸವನ್ನೂ ನಾನೇ ಮಾಡಿದೆ. ತರಬೇತಿ ಮುಗಿದ ದಿನ ಅಕ್ಕಾವರು ತಮ್ಮ ಸ್ವಂತದ ಪೆಟ್ಟಿಗೆ ಚರಕವನ್ನು ಒಬ್ಬಳಿಗೆ ಕೊಟ್ಟರು. ಅವಳಿಗೆ ಕೊಟ್ಟರು. ನನ್ನ ನೂಲು ಅವಳದಕ್ಕಿಂತ ಸಣ್ಣ, ಸಮ, ಗಂಟಿಲ್ಲದ್ದು. ಅದನ್ನು ನಿಲಯದಲ್ಲಿ ಎಲ್ಲರೂ ಬಲ್ಲರು. ಆದರೂ ಚರಕ ಹೋದದ್ದು ತಿ. ನರಸೀಪುರಕ್ಕೆ.

ಆಮೇಲೆಯೂ ಹಾಗೆಯೇ. ನಾನು ಶಿಶುವಿಹಾರ ತೆರೆದೆ, ಎರಡು ವರ್ಷ ಬಿಟ್ಟು ಅವಳೂ ತೆರೆದಳು. ನನ್ನಲ್ಲಿ ಬೇವಿನ ಮರ, ಅವಳಲ್ಲಿ ಉಯ್ಯಾಲೆ, ಜಾರುಬಂಡೆ. ನಮ್ಮೂರ ಪಕ್ಕದಲ್ಲಿ ಹರಿಯುವ ಕಪಿಲೆ ಅವಳ ಊರಿಗೆ ಹೋಗಿ ಕಾವೇರಿಯನ್ನು ಕೂಡಿ ದೊಡ್ಡದಾಗುತ್ತದೆ. ನನ್ನಲ್ಲಿ ಶುರುವಾದದ್ದೆಲ್ಲ ಅವಳಲ್ಲಿಗೆ ಹೋಗಿಯೇ ದೊಡ್ಡದಾಗಬೇಕೆಂದು ಯಾರು ಬರೆದಿಟ್ಟರೋ.

ಹತ್ತು ಗಂಟೆಗೆ ಬರುತ್ತೇವೆಂದು ಅವಳಿಗೆ ಹೇಳಿ ಕಳಿಸಿದ್ದೆ. ಮೊದಲ ಬಸ್ಸಿನಲ್ಲೇ ಹೋಗಿ, ಏಳೂವರೆಯ ಹೊತ್ತಿಗೆ ಅವಳ ಗೇಟಿನ ಮುಂದೆ ನಿಂತೆ. ಅಷ್ಟು ಹೊತ್ತಿಗೆ ಯಾರೂ ವ್ಯಾನಿನ ಎಂಜಿನ್ ಬಿಸಿಮಾಡಿರಲಾರರು. ಗೇಟು ತೆರೆದಿತ್ತು. ಜಗಲಿಯ ಮೇಲೆ ಅವಳು ಕೂತಿದ್ದಳು. ಪಕ್ಕದಲ್ಲಿ ಮೂರು ಲೋಟ ಕಾಫಿ ಹಬೆಯಾಡುತ್ತಿತ್ತು.

"ಬಾರಮ್ಮೀ, ಬಾ. ಬನ್ನಿ ಬಾವ, ಕುಂತ್ಕಳಿ. ಅತ್ತು ಗಂಟೆ ಅಂದ್ರೆ ನೀನು ಏಳೂವರೆಗೇ ಬತ್ತೀಯ ಅಂತ ಗೊತ್ತಿಲ್ವಾ ನಂಗೆ? ಎಂಜಿನ್ ಮುಟ್ಟಿಲ್ಲ ಕಣಮ್ಮಿ. ಓಗಿ ಕೈ ಇಟ್ಟು ನೋಡ್ಕೋ."

ನಮ್ಮ ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಕಾಫಿ ಚೆನ್ನಾಗಿತ್ತು. ಅದೂ ಚೆನ್ನಾಗಿರಬೇಕೇ ಎನ್ನಿಸಿತು.

ಅಂಗಳದಲ್ಲಿ ಎರಡು ವ್ಯಾನು ನಿಂತಿದ್ದವು. ಮುಂದೆ ಹೊಸದು, ಆಗತಾನೆ ಎಲ್ಲ ಕಡೆ ಕಾಣಲು ತೊಡಗಿದ್ದ ಪುಟ್ಟ ಪೆಟ್ರೋಲ್ ವ್ಯಾನು. ಬಿಳಿ ಬಣ್ಣ, ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ. ಅದರ ಹಿಂದೆ ಹಳೆಯ ನೀಲಿ ಮೆಟಡಾರ್. ಅದು ಬಂದಾಗ ಅದಕ್ಕೂ ನಾನು ಹೊಟ್ಟೆ ಉರಿದುಕೊಂಡಿದ್ದೆ. ಈಗ ಅದು ನನ್ನದಾಗುವ ಹೊತ್ತಿಗೆ, ಉರಿಯಲು ಮುಂದೆ ಇನ್ನೊಂದು ನಿಂತಿತ್ತು.

ಕಚೇರಿಯ ಕೋಣೆಯ ಕಿಟಕಿ ತೆರೆದಿತ್ತು. ಒಳಗೆ ಮೇಜಿನ ಮೇಲೆ ಅಕ್ಕಾವರ ಪೆಟ್ಟಿಗೆ ಚರಕ. ಅದರ ಮುಚ್ಚಳದ ಮೇಲೆ ಒಂದು ಹೂದಾನಿ ಇಟ್ಟಿದ್ದಳು. ಹೂದಾನಿಯ ನೀರು ಚೆಲ್ಲಿ ಮರದ ಮೇಲೆ ಬಿಳಿಯ ವೃತ್ತವೊಂದು ಬಿದ್ದಿತ್ತು. ಅಷ್ಟು ದೂರದಿಂದಲೂ ನನಗೆ ಕಂಡಿತು.

ಕೆಲಸ ಶುರುಮಾಡಿದೆ. ಚೀಲದಿಂದ ಬಿಳಿಯ ಬಟ್ಟೆ ತೆಗೆದ ಕೂಡಲೇ ಅವಳು ಚಪ್ಪಾಳೆ ಹೊಡೆದು ಎದ್ದು ನಿಂತಳು.

"ಅಕ್ಕಾವ್ರು ಬಂದ್ರು! ಎಲ್ರೂ ಎದ್ದು ನಿಂತ್ಕಳಿ!"

"ನೀನು ಕೂತ್ಕೊ. ಇದು ಮಕ್ಕಳು ಓಡಾಡೋ ಗಾಡಿ," ಎಂದೆ.

ಮೊದಲು ಆರ್.ಸಿ. ಪುಸ್ತಕ. ಚಾಸಿಯ ಅಂಕಿಯನ್ನು ಟಾರ್ಚು ಬಿಟ್ಟು ಓದಿದೆ, ಎಂಜಿನ್ನಿನ ಅಂಕಿಯನ್ನು ಕನ್ನಡಿಯಲ್ಲಿ ಹಿಡಿದು ತಿರುವುಮುರುವಾಗಿ ಓದಿದೆ. ಎರಡೂ ಸರಿ. ತೆರಿಗೆ ಕಟ್ಟಿತ್ತು, ಗಾಡಿ ಓಡಲು ಯೋಗ್ಯ ಎಂಬ ಎಫ್.ಸಿ. ಆಗಿತ್ತು. ಎಂಜಿನ್ನಿನ ಮುಚ್ಚಳ ಮುಟ್ಟಿದೆ, ಕಲ್ಲಿನ ಹಾಗೆ ತಣ್ಣಗಿತ್ತು. ಎಣ್ಣೆ ಅಳೆಯುವ ಕಡ್ಡಿಯನ್ನು ಬಟ್ಟೆಯ ಮೇಲೆ ಒರೆಸಿದೆ. ಎಣ್ಣೆ ಕಪ್ಪಾಗಿತ್ತು, ಆದರೆ ಮರಳಿನ ಹಾಗೆ ತರಿತರಿ ಇರಲಿಲ್ಲ. ಎಣ್ಣೆ ಹಾಕುವ ಬಿರಡೆ ತಿರುಗಿಸಿ ಅದರ ಒಳಮೈ ನೋಡಿದೆ. ಅಲ್ಲಿ ಹಾಲಿನ ಕೆನೆಯಂಥ ನೊರೆ ಇದ್ದರೆ ಎಂಜಿನ್ನಿಗೆ ನೀರು ಇಳಿಯುತ್ತಿದೆ ಎಂದರ್ಥ. ನೊರೆ ಇರಲಿಲ್ಲ. ಡ್ರೈವರು ಕೀಲಿ ತಿರುಗಿಸಿದ. ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿದುಕೊಂಡಿತು. ನಾನು ಹಿಂದೆ ನಿಂತು ಹೊಗೆ ನೋಡಿದೆ. ಡೀಸೆಲ್ಲಿಗೆ ಮೊದಲಿಗೆ ಒಂದಿಷ್ಟು ಕಪ್ಪು ಹೊಗೆ ಸಹಜ. ನೀಲಿ ಹೊಗೆ ಬಂದರೆ ಎಣ್ಣೆ ಕುಡಿಯುತ್ತಿದೆ ಎಂದು ತಿಳಿಯಬೇಕು. ನೀಲಿ ಬರಲೇ ಇಲ್ಲ.

ಟೈರುಗಳ ಒಳಬದಿಗೆ ಕೈ ಹಾಕಿ ನೋಡಿದೆ. ಒಂದೇ ಕಡೆ ಸವೆದಿದ್ದರೆ ಗಾಡಿ ಎಲ್ಲೋ ಗುದ್ದಿದೆ ಎಂದು ಲೆಕ್ಕ. ಸಮವಾಗಿ ಸವೆದಿದ್ದವು. ಕಾಲಡಿಯ ಚಾಪೆ ಎತ್ತಿ ತಗಡಿನ ಮೇಲೆ ಬಟ್ಟೆ ಆಡಿಸಿದೆ, ತುಕ್ಕು ಹತ್ತಲಿಲ್ಲ. ಬಾಗಿಲುಗಳನ್ನು ಹೊರಗಿನಿಂದಲೂ ಒಳಗಿನಿಂದಲೂ ತೆರೆದು ಮುಚ್ಚಿ ನೋಡಿದೆ. ಹಿಂದಿನ ಬಾಗಿಲಿಗೆ ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ ಒಂದು ಚಿಲಕ ಹೊಡೆಸಿದ್ದಳು. ನನಗೆ ಹೊಳೆಯದೆ ಇದ್ದದ್ದು. ಅದನ್ನು ಕಂಡು ಹೊಟ್ಟೆ ಇನ್ನಷ್ಟು ಉರಿಯಿತು.

ಸಂಗಮದ ಕಡೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಡ್ರೈವರು ಸ್ಟೀರಿಂಗಿನಿಂದ ಕೈ ಬಿಟ್ಟು ನೋಡಿದ, ಗಾಡಿ ನೇರ ಹೋಯಿತು. ಬ್ರೇಕ್ ಒತ್ತಿದ, ಪಕ್ಕಕ್ಕೆ ಎಳೆಯಲಿಲ್ಲ. "ಬಾಳೆಹಣ್ಣು ಗೀಳೆಹಣ್ಣು ಏನಿಲ್ಲ ಅಮ್ಮಾವ್ರೇ. ಒಳ್ಳೆ ಗಾಡಿ. ಕಣ್ಮುಚ್ಕಂಡು ತಕಳಿ," ಎಂದ.

ಕಣ್ಣು ಮುಚ್ಚಿಕೊಂಡು ನಾನು ಯಾವುದನ್ನೂ ತೆಗೆದುಕೊಂಡವಳಲ್ಲ. ಬಟ್ಟೆ ಬಿಚ್ಚಿ ನೋಡಿದೆ. ಕಡ್ಡಿ ಒರೆಸಿದ ಗುರುತು ಬಿಟ್ಟರೆ ಬೆಳ್ಳಗೇ ಇತ್ತು. ಬಟ್ಟೆ ಆಡಬಹುದಾದ ಜಾಗವೆಲ್ಲ ಅಷ್ಟು ಚೊಕ್ಕ. ಆಗ ನನಗೆ ನಿಲಯದ ಕೋಣೆ ನೆನಪಾಯಿತು. ಅವಳು ಒರೆಸುತ್ತಿದ್ದದ್ದು ಬಟ್ಟೆ ಆಡುವ ಜಾಗವನ್ನು ಮಾತ್ರ. ಮಿಕ್ಕದ್ದೆಲ್ಲ ಎಲ್ಲಿರುತ್ತಿತ್ತು? ಮೇಲೆ.

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ವ್ಯಾನಿನ ಹಿಂದಿನ ಏಣಿ ಹತ್ತಿದೆ.

"ಲೇ, ಬೀಳ್ತೀಯ!" ಎಂದು ನಮ್ಮ ಮನೆಯವರು ಛತ್ರಿ ಎತ್ತಿ ಹಿಡಿದರು, ಬಿದ್ದರೆ ಅದರಲ್ಲಿ ಹಿಡಿದುಕೊಳ್ಳುವವರ ಹಾಗೆ.

ಗೆಳತಿ ತಟ್ಟನೆ ಕಾಫಿಯ ಲೋಟಗಳನ್ನು ಎತ್ತಿಕೊಳ್ಳತೊಡಗಿದಳು. ಅಷ್ಟರಲ್ಲೇ ನನಗೆ ತಿಳಿಯಿತು.

ಸಾಮಾನು ಕಟ್ಟುವ ಕ್ಯಾರಿಯರ್ ಕೂರಿಸಿದ್ದ ಬೋಲ್ಟುಗಳ ಸುತ್ತ ಚಾವಣಿಯ ತಗಡು ತುಕ್ಕು ತಿಂದು ಉದುರಿತ್ತು. ಬೆರಳು ತೂರುವಷ್ಟು ತೂತು. ಒಂದು ಬಾಗಿಲ ನೇರಕ್ಕೆ, ಒಂದು ಮಧ್ಯಕ್ಕೆ. ಎರಡಕ್ಕೂ ಹತ್ತಿ, ಹತ್ತಿಯ ಮೇಲೆ ಹಳದಿ ಬಾರ್ ಸೋಪು ತುರುಕಿ, ಹೆಬ್ಬೆರಳಿನಿಂದ ಒತ್ತಿದ ಗುರುತು. ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ.

"ಸೋಪು!" ಎಂದು ಮೇಲಿನಿಂದಲೇ ಕೂಗಿದೆ. "ಜೂನ್ ಮಳೆಗೆ ಇದು ಕರಗಿ ಮಕ್ಕಳ ತಲೆ ಮೇಲೆ ಇಳಿಯುತ್ತೆ. ಹೇಳಬೇಕಾಗಿತ್ತೋ ಇಲ್ಲವೋ?"

"ನೀನು ಕೇಳುದ್ರೆ ಯೋಳ್ತಿದ್ದೆ."

"ಕೇಳದಿದ್ದರೆ?"

"ಕೇಳ್ದೆ ಇರೋ ಎಂಗ್ಸಾ ನೀನು? ಓದ್ ವರ್ಸದ ಮಳೇಲಿ ಮಗ ಒಂದು ನೆನ್ಕಂಡು ಅಳ್ತಾ ಕುಂತಿತ್ತು. ವೆಲ್ಡಿಂಗ್‌ಗೆ ಬಿಡಕ್ಕೆ ಒತ್ತು ಎಲ್ಲಿತ್ತು? ನಾನೇ ಏಣಿ ಅತ್ತಿ ಸೋಪ್ ಮೆತ್ತಿದೆ. ಕರಗ್ದಾಗೆಲ್ಲಾ ಇನ್ನೊಂದು." ಆಮೇಲೆ ಸೊಂಟದ ಮೇಲೆ ಕೈ ಇಟ್ಟು ನನ್ನನ್ನು ನೋಡಿದಳು. "ಬಾಗ್ಲು ಮೇಲೆ ಹುಣಸೇಹಣ್ಣು ಹುಡುಕ್ದಂಗೆ ಹುಡುಕ್ಬುಟ್ಟೆ ಅಲ್ವಾ?"

"ಅಕ್ಕಾವರಿಗೆ ಸಿಗದೇ ಇದ್ದದ್ದು ನನಗೆ ಸಿಕ್ಕಿತು."

ಅವಳಿಗೆ ನಗು ತಡೆಯಲಾಗಲಿಲ್ಲ. "ಅಕ್ಕಾವ್ರಿಗೆ ಸಿಕ್ಕಿರ್ನಿಲ್ಲ ಅಂದ್ಕಂಡಿದ್ಯಾ? ಅಯ್ಯೋ ಪೆದ್ದಮ್ಮಿ! ನೀನು ನೂಲಕ್ಕೆ ಓದ್ಮೇಲೆ ಅವರೇ ಮಣೆ ಮೇಲ್ ನಿಂತ್ಕಂಡು ತೆಗೀತಿದ್ರು. ಇಬ್ರೂ ಕುಂತ್ಕಂಡು ಉಪ್ಪಾಕಂಡು ತಿಂತಿದ್ದೋ."

ನಾನು ಏಣಿಯ ಮೇಲೆಯೇ ನಿಂತಿದ್ದೆ. ಹದಿನಾರು ವರ್ಷ ನಾನು ಕಾಪಾಡಿಕೊಂಡು ಬಂದ ಗುಟ್ಟು ಅದು. ಅದನ್ನು ಹೇಳದೆ ಇದ್ದದ್ದೇ ನನ್ನ ದೊಡ್ಡತನ ಎಂದುಕೊಂಡಿದ್ದೆ. ನಾನು ಅವಳ ಪಾಲಿನ ಲಡಿಯನ್ನೂ ಸೇರಿಸಿ ನೂಲುತ್ತಿದ್ದ ಹೊತ್ತಿನಲ್ಲಿ ಅವರಿಬ್ಬರೂ ಬಾಗಿಲು ಹಾಕಿಕೊಂಡು ಹುಣಸೆಹಣ್ಣು ಚೀಪುತ್ತಿದ್ದರು.

"ನನ್ನನ್ಯಾಕೆ ಕರೀಲಿಲ್ಲ?" ಎಂದೆ. ಮೂವತ್ತಾರು ವರ್ಷದ ಹೆಂಗಸು ಕೇಳುವ ಪ್ರಶ್ನೆಯಲ್ಲ. ಬಾಯಿಂದ ಬಂದುಬಿಟ್ಟಿತು.

"ನಿನ್ನ ಕರುದ್ರೆ ನೀನು ತಿಂತಿದ್ಯಾ? ಬೀಜ ಎಣಿಸ್ತಿದ್ದೆ ಕಣಮ್ಮಿ."

ಡ್ರೈವರು ಅತ್ತ ತಿರುಗಿ ಟೈರು ನೋಡತೊಡಗಿದ. ಅವನ ಬೆನ್ನು ಅಲುಗಾಡುತ್ತಿತ್ತು.

ನಾನು ಕೆಳಗಿಳಿದೆ. ಬಟ್ಟೆ ಮಡಿಸಿದೆ, ಟಾರ್ಚು ಚೀಲಕ್ಕೆ ಹಾಕಿದೆ. ಮುಂದಿನ ಬಸ್ಸಿಗೆ ಹೊರಟುಬಿಡಬೇಕು ಎಂದೇ ಮನಸ್ಸು. ಅವಳು ಓಡಿಸಿ ಹಳೆಯದಾದ ಗಾಡಿಯಲ್ಲಿ, ಅವಳು ಕೂತೆದ್ದ ಸೀಟಿನಲ್ಲಿ, ಇನ್ನು ಹತ್ತು ವರ್ಷ ನಾನು ಓಡಾಡಬೇಕೆ? ಆದರೆ ಇದನ್ನು ಬಿಟ್ಟರೆ ಇನ್ನೊಂದು ಎಲ್ಲಿದೆ? ತಗಡೂರಿನ ಆ ತಾಯಿಯ ಮಾತು ಕಿವಿಯಲ್ಲಿತ್ತು.

ಗೆಳತಿಗೆ ನನ್ನ ಮುಖ ಓದಲು ಬರುತ್ತಿತ್ತು. ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಸೋಪ್ ಮೆತ್ತಿ ಸುಮ್ಕಿದ್ದದ್ದು ನಂದೇ ತೆಪ್ಪು ಕಣಮ್ಮಿ. ಅದುಕ್ಕೆ ಒಂದ್ ಕೇಳ್ಕೊ. ಏನ್ ಕೇಳುದ್ರೂ ಕೊಡ್ತೀನಿ. ಒಂದೇ, ಮತ್ತೆ."

ನನ್ನ ಕಣ್ಣು ಕಿಟಕಿಯ ಕಡೆ ಹೋಯಿತು. ಅವಳ ಕಣ್ಣೂ ಅದರ ಹಿಂದೆಯೇ ಹೋಯಿತು. ಹೂದಾನಿ, ಅದರ ಕೆಳಗೆ ಚರಕ. ನಮ್ಮ ಮನೆಯವರು ಮದುವೆಯಾದಂದಿನಿಂದ ಆ ಚರಕದ ಕಥೆ ಕೇಳಿ ಬೇಸತ್ತವರು. ನನ್ನ ಕಿವಿಯ ಹತ್ತಿರ ಬಗ್ಗಿ, "ಕೇಳೇ. ತೂತನ್ನ ಊರಿಗೆ ಹೋಗಿ ನಾವೇ ಮುಚ್ಚಿಸಿಕೊಂಡರಾಯ್ತು. ಈ ಚರಕದ ಪುರಾಣ ಇವತ್ತಿಗೆ ಮುಗೀಲಿ," ಎಂದರು.

ನಾನು ಕೇಳಬಹುದಿತ್ತು. ಕೇಳಿದ್ದರೆ ಅವಳು ಹೂದಾನಿ ಎತ್ತಿಟ್ಟು ಆ ಕ್ಷಣವೇ ಕೊಡುತ್ತಿದ್ದಳು. ಅವಳ ಕೈ ಅಂಥದ್ದು. ಆದರೆ ಅವಳು ಕೊಟ್ಟ ಮೇಲೆ ಅದು ಅವಳು ಕೊಟ್ಟ ಚರಕವಾಗುತ್ತದೆ. ಅಕ್ಕಾವರು ಕೊಟ್ಟದ್ದು ಆಗುವುದಿಲ್ಲ. ಅವಳ ಹಳೆಯ ವ್ಯಾನಿನ ಜೊತೆಗೆ ಅವಳ ಹಳೆಯ ಚರಕವನ್ನೂ ಹೊತ್ತುಕೊಂಡು ನಾನು ಮನೆಗೆ ಹೋಗಬೇಕೆ? ಅಲ್ಲದೆ ಹಳೆಯ ಗಾಡಿ ಕೊಳ್ಳುವವರು ಮರೆಯಬಾರದ ಮಾತೊಂದಿದೆ. ದೋಷವನ್ನು ಮಾರುವವರ ಅಂಗಳದಲ್ಲೇ ಕಳೆಯಬೇಕು. ಮನೆಗೆ ತಂದ ಮೇಲೆ ಅದು ನಿಮ್ಮ ದೋಷ. ಊರಿಗೆ ತಂದು ನಾಳೆ ಮಾಡಿಸೋಣ, ನಾಡಿದ್ದು ಮಾಡಿಸೋಣ ಎನ್ನುವುದರೊಳಗೆ ಮಳೆ ಬಂದಿರುತ್ತದೆ.

"ವೆಲ್ಡಿಂಗ್," ಎಂದೆ. "ಇವತ್ತೇ. ನನ್ನ ಕಣ್ಣ ಮುಂದೆ. ನೀರು ಹುಯ್ದು ನೋಡಿದ ಮೇಲೇ ಗಾಡಿ ನನ್ನದು."

"ಅಷ್ಟೇನಾ?"

"ಅಷ್ಟೇ."

ಅವಳು ಒಂದು ಕ್ಷಣ ಕಿಟಕಿಯನ್ನೂ ನನ್ನನ್ನೂ ನೋಡಿ, ತಲೆಗೆ ಸೆರಗು ಸುತ್ತಿಕೊಂಡು, "ನಡಿ ಮತ್ತೆ," ಎಂದಳು.

ಬಸ್ ನಿಲ್ದಾಣದ ಆಚೆ ಒಂದು ಗ್ಯಾಸ್ ವೆಲ್ಡಿಂಗ್ ಅಂಗಡಿ ಇತ್ತು. ಕ್ಯಾರಿಯರ್ ಬಿಚ್ಚಿಸಿದೆವು. ಸೋಪಿನ ಎರಡು ಉಂಡೆಗಳನ್ನು ನಾನೇ ಕೆದಕಿ ತೆಗೆದು, ಹತ್ತಿ ಬಿಡಿಸಿ, ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ತೂತಿನ ಸುತ್ತ ತುಕ್ಕು ಹಿಡಿದದ್ದನ್ನು ಕತ್ತರಿಸಿ, ಒಳ್ಳೆಯ ತಗಡು ಸಿಗುವವರೆಗೂ ಹೋಗಿ, ಅಲ್ಲಿಂದ ಹೊಸ ತಗಡಿನ ತೇಪೆ. "ಇಷ್ಟು ಸಾಕು ಬುಡಿ ಅಮ್ಮ" ಎಂದು ವೆಲ್ಡರ್ ಎರಡು ಸಲ ಅಂದ. ಎರಡು ಸಲವೂ ಇನ್ನೊಂದಿಷ್ಟು ಕತ್ತರಿಸಲು ಹೇಳಿದೆ. ಗೆಳತಿ ನೆರಳಲ್ಲಿ ಸ್ಟೂಲು ಹಾಕಿಕೊಂಡು ಅಂಗಡಿಯವನ ಹೆಂಡತಿಯ ಜೊತೆ ಹರಟುತ್ತ, ಅರ್ಧ ಗಂಟೆಯಲ್ಲಿ ಆ ಮನೆಯ ಮಗುವನ್ನು ತನ್ನ ಶಾಲೆಗೆ ಸೇರಿಸಿಕೊಂಡಳು. ಅವಳು ಕೇಳಲೂ ಇಲ್ಲ. ಆ ತಾಯಿಯೇ, "ನಿಮ್ಮಲ್ಲೇ ಆಕ್ತೀನಿ ಕಣವ್ವ" ಎಂದಳು. ನಾನು ನಂಜನಗೂಡಿನ ಬೀದಿ ಬೀದಿ ತಿರುಗಿ ಮಕ್ಕಳನ್ನು ಕರೆಯುತ್ತಿದ್ದವಳು.

ಮಧ್ಯಾಹ್ನ ಅವಳ ಮನೆಯಲ್ಲೇ ಊಟ. ಕೆಂಪು ಬಣ್ಣದ ಪ್ರೈಮರ್ ಒಣಗಿದ ಮೇಲೆ ನೀರಿನ ಪರೀಕ್ಷೆ. ನಾನು ಏಣಿ ಹತ್ತಿ ಬಿಂದಿಗೆಯಿಂದ ಚಾವಣಿಗೆ ಹುಯ್ದೆ. ಅವಳು ಒಳಗೆ ಕೂತು ಮೇಲೆ ನೋಡುತ್ತಿದ್ದಳು.

"ಒಂದ್ ಅನಿ ನೀರೂ ಇಲ್ಲ ಕಣಮ್ಮಿ!"

ನಂಬಿಕೆ ಬರಲಿಲ್ಲ. "ನೀನು ಹುಯ್ಯಿ, ನಾನು ಒಳಗೆ ಕೂರ್ತೀನಿ," ಎಂದೆ. ಬಿಳಿಯ ಬಟ್ಟೆಯನ್ನು ತೇಪೆಯ ನೇರಕ್ಕೆ ತೊಡೆಯ ಮೇಲೆ ಹಾಸಿಕೊಂಡು ಕೂತೆ. ಮೇಲೆ ನೀರು ದಡದಡ ಬಿತ್ತು. ಬಟ್ಟೆಯ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲ. ಇನ್ನೊಂದು ಬಿಂದಿಗೆ. ಆಗಲೂ ಇಲ್ಲ. "ಸರಿ, ಸಾಕು" ಎಂದು ಕಿಟಕಿಯ ಕಡೆ ತಿರುಗಿದೆ. ಮೂರನೆಯ ಬಿಂದಿಗೆ ಆ ಕಿಟಕಿಯಿಂದಲೇ ಒಳಗೆ ಬಂತು.

ತಲೆಯಿಂದ ಸೊಂಟದವರೆಗೆ ತೊಯ್ದುಹೋದೆ. ಡ್ರೈವರಿಗೆ ಈ ಸಲ ಟೈರು ನೋಡಲೂ ಆಗಲಿಲ್ಲ, ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ನಮ್ಮ ಮನೆಯವರು ಛತ್ರಿಯನ್ನು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು.

"ಸೋರ್ತದೆ ನೋಡಮ್ಮಿ, ಕಿಟ್ಕಿ!" ಎಂದಳು ಗೆಳತಿ. "ಅದ್ನೂ ವೆಲ್ಡಿಂಗ್ ಮಾಡುಸ್ಲಾ?"

ಬೈಯಲು ಬಾಯಿ ತೆರೆದೆ. ನೀರು ಮೂಗಿಗೆ ಹೋಗಿ ಸೀನು ಬಂತು. ಎಷ್ಟು ವರ್ಷವಾದರೂ ಅವಳಿಗೆ ಹೀಗೆ ಆಡಲು ಬರುತ್ತದೆ, ನನಗೆ ಬರುವುದಿಲ್ಲ. ಅಕ್ಕಾವರು ಅವಳಲ್ಲಿ ಏನು ಕಂಡರು ಎಂದು ಯಾರಾದರೂ ಕೇಳಿದರೆ ಉತ್ತರ ನನ್ನ ಸೀರೆಯಿಂದ ತೊಟ್ಟಿಕ್ಕುತ್ತಿತ್ತು. ಅದು ತಿಳಿದದ್ದರಿಂದ ಹೊಟ್ಟೆಯುರಿ ಕಡಿಮೆಯಾಯಿತೆಂದು ಯಾರೂ ತಿಳಿಯಬೇಡಿ.

ಸಹಿ, ಕಾಗದ, ಕೊಡುವ ತೆಗೆದುಕೊಳ್ಳುವ ಕೆಲಸವೆಲ್ಲ ಮುಗಿಯಿತು. ಅವಳು ಕೀಲಿಯನ್ನು ಕೈಗೆ ಕೊಡುವ ಮೊದಲು ಅದಕ್ಕೆ ಕಟ್ಟಿದ್ದ ಹಳೆಯ ಕೆಂಪು ದಾರವನ್ನು ಹಲ್ಲಿನಿಂದ ಬಿಡಿಸಿ, ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅದ್ಯಾಕೆ?" ಎಂದೆ.

"ದನ ಮಾರುದ್ರೆ ಅದ್ನ ಕಟ್ಟೋ ಅಗ್ಗ ಕೊಡ್ತಾರಾ? ಅಗ್ಗ ಮನೇಲೇ ಇರ್ಬೇಕು. ಇಲ್ದಿದ್ರೆ ಕೊಟ್ಗೆ ಬರಿದಾಯ್ತದೆ ಅಂತಿದ್ದ ನಮ್ಮಪ್ಪ. ನಿನ್ ದನುಕ್ಕೆ ನಿನ್ ಅಗ್ಗ ಕಟ್ಕೋ." ಬರಿಯ ಕೀಲಿ ನನ್ನ ಅಂಗೈಗೆ ಬಿತ್ತು. ದಾರವೂ ಅವಳಿಗೇ ಉಳಿಯಿತು.

ಸಂಜೆ ಐದೂವರೆಗೆ ಹೊರಟೆವು. ಡ್ರೈವರು ಹಾಡು ಗುನುಗುತ್ತ ಓಡಿಸಿದ. ನಮ್ಮ ಮನೆಯವರು ನಿದ್ದೆಹೋದರು. ನಾನು ಹಿಂದಿನ ಸೀಟಿನಲ್ಲಿ ಕೂತು ಸೀರೆ ಒಣಗಿಸಿಕೊಳ್ಳುತ್ತ ಎಂಜಿನ್ನಿನ ಸದ್ದು ಕೇಳುತ್ತಿದ್ದೆ. ಒಂದೇ ಸಮನೆ ಇತ್ತು. ಕಿಟಕಿಯ ಅಂಚಿನಲ್ಲಿ ಯಾವುದೋ ಮಗು ಬಳಪದಲ್ಲಿ ಒಂದು ಹೂವು ಬರೆದಿತ್ತು. ಕೆಳಗೆ "ಮಿಸ್" ಎಂದು ಬರೆದು ಅರ್ಧಕ್ಕೆ ಬಿಟ್ಟಿತ್ತು. ಅವಳ ಮಕ್ಕಳು. ಇನ್ನೂ ಒದ್ದೆಯಿದ್ದ ಬಟ್ಟೆಯ ಮೂಲೆಯಿಂದ ಉಜ್ಜಿದೆ. ಹೂವು ಹೋಯಿತು. ಬಳಪದ ಗೀರು ಬಣ್ಣಕ್ಕೆ ಇಳಿದಿತ್ತು. ಕಣ್ಣಿಟ್ಟು ನೋಡಿದರೆ ಆಮೇಲೂ ಕಾಣುತ್ತಿತ್ತು.

ಆ ವ್ಯಾನು ನನ್ನಲ್ಲಿ ಹನ್ನೊಂದು ಮಳೆಗಾಲ ಓಡಿತು. ಒಮ್ಮೆಯೂ ಸೋರಲಿಲ್ಲ. ತಗಡೂರಿನ ಮಗುವೂ ಬಂತು, ತಾಂಡವಪುರದವೂ ಬಂದವು. ಹಳೆಯ ಗಾಡಿ ಕೊಳ್ಳುವವರು ಬಂದು ಕೇಳಿದರೆ ಇಂದಿಗೂ ಹೇಳುತ್ತೇನೆ: ತಣ್ಣಗಿರುವಾಗ ಹೋಗಿ, ಅಂಕಿ ತಾಳೆ ನೋಡಿ, ಬಿರಡೆಯ ಒಳಮೈ ನೋಡಿ, ನೀಲಿ ಹೊಗೆಗೆ ಹೆದರಿ, ಕೊನೆಗೆ ಚಾವಣಿ ಹತ್ತಿ. ಮಾರುವವರ ಗುಣ ಗೊತ್ತಿದ್ದರೆ ಎಲ್ಲಿ ಹುಡುಕಬೇಕೆಂದು ಅದೇ ಹೇಳುತ್ತದೆ. ಚರಕ ಮಾತ್ರ ಅಲ್ಲಿಯೇ ಇದೆ. ಹೂದಾನಿಯೂ ಇದೆ.

ಅಂದು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬೇವಿನ ಮರದ ಕೆಳಗೆ ವ್ಯಾನು ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿಸಿದೆ. ದೇವರ ಮುಂದೆ ಕೀಲಿ ಇಟ್ಟು ತೆಗೆದೆ. ನೂಲಿನ ಡಬ್ಬಿಯಿಂದ ನಾನೇ ನೂತ ಎಳೆ ತೆಗೆದು, ಮೂರು ಸೇರಿಸಿ ಹುರಿಮಾಡಿ, ಕೀಲಿಗೆ ಕಟ್ಟಿ ಮೊಳೆಗೆ ನೇತುಹಾಕಿದೆ. ಗಂಟಿಲ್ಲದ, ಸಮನಾದ ಹುರಿ. ಆಮೇಲೆ ಚೀಲ ಬಿಚ್ಚಿದೆ. ಟಾರ್ಚು ಅದರ ಜಾಗಕ್ಕೆ, ಕನ್ನಡಿ ಅದರ ಜಾಗಕ್ಕೆ. ತಳದಲ್ಲಿ ಕಾಗದದ ಪೊಟ್ಟಣ ಉಳಿದಿತ್ತು. ಸೋಪನ್ನು ವ್ಯರ್ಥ ಮಾಡಬಾರದೆಂದು ನಿಲಯದಲ್ಲಿ ಕಲಿಸಿದ್ದರು. ಅವಳ ಹೆಬ್ಬೆರಳಿನ ಗುರುತಿದ್ದ ಆ ಎರಡು ಉಂಡೆಗಳನ್ನೂ ಬಚ್ಚಲಿಗೆ ಒಯ್ದು, ಎಣ್ಣೆ ಹತ್ತಿದ್ದ ಬಿಳಿಯ ಬಟ್ಟೆಗೆ ಆ ಬೆರಳಿನ ಗುರುತು ಮಾಸುವವರೆಗೂ ಹಚ್ಚಿ, ಉಜ್ಜಿ, ಎರಡು ನೀರಿನಲ್ಲಿ ಹಿಂಡಿ, ಹಗ್ಗದ ಮೇಲೆ ನೆರಿಗೆಯಿಲ್ಲದೆ ಹರವಿ ಬಂದೆ.